ಆಯೇರಿ ಸೀರೆಯ ಫೈಲು

ವಾಡಿಯ ನನ್ನ ಗಂಡನ ಮನೆಯಲ್ಲಿ ನನಗೊಂದು ಹೆಸರಿತ್ತು, ಸುಳ್ಳಿ. ಇಟ್ಟವರು ಅತ್ತೆ. "ಏ ಸುಳ್ಳಿ, ರೊಟ್ಟಿ ತಾ." "ಏ ಸುಳ್ಳಿ, ನೀರು ಕಾದಾವೇನು ನೋಡು." ಮೊದಲು ಸಿಟ್ಟಿನಿಂದ ಕರೆಯುತ್ತಿದ್ದರು, ಆಮೇಲೆ ಅದೇ ರೂಢಿಯಾಯಿತು. ಸಿಟ್ಟಿನಿಂದ ಕರೆದರೆ ಸಿಟ್ಟು ಇಳಿದ ಮೇಲೆ ಬಿಟ್ಟಾರು ಎಂಬ ಆಸೆಯಾದರೂ ಇರುತ್ತದೆ. ರೂಢಿಗೆ ಇಳಿಯುವುದೇ ಗೊತ್ತಿಲ್ಲ. ಹಾಲಿನವನು ಕೂಡ ಒಂದು ದಿನ, "ಸುಳ್ಳಕ್ಕಾರ, ಪಾತೇಲಿ ತರ್ರಿ" ಅಂದ. ಪಾಪ, ಅವನು ಅದನ್ನೇ ನನ್ನ ಹೆಸರು ಅಂದುಕೊಂಡಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಸೀರೆ. ನಮ್ಮ ಕಡೆ ಮದುವೆಯಲ್ಲಿ ಬೀಗರು ಬೀಗರಿಗೆ ಬಟ್ಟೆ ಕೊಡುತ್ತಾರೆ, ಅದಕ್ಕೆ ಆಯೇರಿ ಅನ್ನುತ್ತೇವೆ. ಗಂಡಿನ ತಂಗಿ ಇದ್ದರೆ ಹೆಣ್ಣಿನ ತಾಯಿಯೇ ಎದ್ದು ಹೋಗಿ ಅವಳಿಗೆ ಕುಂಕುಮ ಹಚ್ಚಿ, ಸೀರೆಯನ್ನು ಉಡಿಯಲ್ಲಿ ಇಡಬೇಕು. ಪಕ್ಕದಲ್ಲಿ ಒಬ್ಬ ಹಿರಿಯ ಮೈಕು ಹಿಡಿದು, ಇಂಥವರು ಇಂಥವರಿಗೆ ಇದು ಕೊಟ್ಟರು ಎಂದು ಕೂಗಬೇಕು. ಕೂಗಿದರೆ ಕೊಟ್ಟಂತೆ. ಕೂಗದಿದ್ದರೆ ಬೆಂಗಳೂರಿನ ಪಟ್ಟೆ ಸೀರೆ ಕೊಟ್ಟರೂ ಗಾಳಿಗೆ ಕೊಟ್ಟಂತೆಯೇ ಸರಿ.

ನನ್ನ ಮದುವೆಯಲ್ಲಿ ನಾದಿನಿಯ ಪಾಳಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಜನರೇಟರಿನಲ್ಲಿ ಡೀಸೆಲ್ ಮುಗಿದಿತ್ತು. ಮೈಕು ಸತ್ತು, ಬ್ಯಾಂಡಿನವರೂ ಮಂದಿಯೂ ಊಟಕ್ಕೆ ಹೋಗಿದ್ದರು. ನಾನು ಗಂಡಿನ ಕಡೆಯವರು ಕೊಟ್ಟ ಸೀರೆ ಉಡಲು ಒಳಗೆ ಹೋಗಿದ್ದೆ. ಅವ್ವ ಯಾರಿಗೂ ಕಾಯದೆ ಆ ಸದ್ದಿಲ್ಲದ ಹೊತ್ತಿನಲ್ಲೇ ನಾದಿನಿಗೆ ಸೀರೆ ಕೊಟ್ಟು ಮುಗಿಸಿದ್ದಳು. ಕೆಲವು ತಿಂಗಳ ಮೇಲೆ ಬಸುರಿ ನಾದಿನಿಯನ್ನು ಚಿಂಚೋಳಿಯ ಅವಳ ಅತ್ತೆ, ಅಣ್ಣನ ಮದುವೆಯಲ್ಲಿ ಏನು ಬಂತು ಎಂದು ಕೇಳಿದಾಗ, ಏನೂ ಬಂದಿಲ್ಲ ಎಂದಳಂತೆ. ಆ ಮಾತು ಚಿಂಚೋಳಿಯಿಂದ ವಾಡಿಗೆ ಬರುವಷ್ಟರಲ್ಲಿ ದಪ್ಪಗಾಗಿತ್ತು. "ಅವ್ವ ಕೊಟ್ಟಾಳ, ಕಿಳಿಹಸಿರು ಸೀರಿ" ಎಂದು ನಾನು ಅಂದೆ. ಅಂದಿನಿಂದ ನಾನು ಸುಳ್ಳಿ.

ನಾದಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು, ಗಂಡು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಅತ್ತೆ ಅಂದೇ ಅಪ್ಪಣೆ ಹೊರಡಿಸಿದರು. "ನಿಮ್ಮವ್ವಗ ಹೇಳು. ತೊಟ್ಟಲ ದಿನ ಹೊಸ ಸೀರಿ ತಂದು, ಎಲ್ಲಾ ಮಂದಿ ಮುಂದ ಬಗ್ಗಿ ನನ್ನ ಮಗಳ ಉಡ್ಯಾಗ ಇಟ್ಟು, ತಪ್ಪಾಗ್ಯದ ಅನ್ನಬೇಕು. ಅನ್ನಂಗಿಲ್ಲ ಅಂದ್ರ ನಿನ್ನೂ ಕರಕೊಂಡು ಹೋಗಲಿ. ಮತ್ತ ಈ ಕಡಿ ಬರೂದು ಬ್ಯಾಡ. ಅಲ್ಲೀತನ ನೀ ಹೊಸ್ತಿಲ ದಾಟಬ್ಯಾಡ."

ನಮ್ಮ ಅವ್ವನಿಗೆ ಬಗ್ಗು ಎನ್ನುವುದು! ದಂಡೋತಿಯಲ್ಲಿ ಹುಟ್ಟಿ, ದಂಡೋತಿಯಲ್ಲೇ ಮದುವೆಯಾಗಿ, ಕಾಗಿಣಾ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆದು, ಕೂಲಿ ಮಾಡಿ ಮಕ್ಕಳನ್ನು ಓದಿಸಿದವಳು ಅವಳು. ದೇವರ ಮುಂದೆ ಕೂಡ ನೆಟ್ಟಗೆ ನಿಂತೇ ಕೈ ಮುಗಿಯುತ್ತಾಳೆ. ಫೋನಿನಲ್ಲಿ ಹೇಳಿದಾಗ ಒಂದೇ ಮಾತು ಅಂದಳು. "ಕೊಟ್ಟೀನಿ. ಕೊಟ್ಟಾಕಿ ಯಾಕ ಬಗ್ಗಲಿ?" ನನಗೂ ಅದೇ ಬೇಕಿತ್ತು. ಅವಳು ಬಗ್ಗಬಾರದು. ನಾನು ಆ ಮನೆಯಲ್ಲಿ ಏನು ಬೇಕಾದರೂ ತಡೆದುಕೊಂಡೇನು, ಇದೊಂದನ್ನು ತಡೆಯಲಾರೆ ಅನ್ನಿಸಿತ್ತು.

ಮದುವೆಯ ವಿಡಿಯೋ ನೆನಪಾದದ್ದು ಆಗ. ಸೇಡಂನ ಸ್ಟುಡಿಯೋದವನು ಪೆನ್‌ಡ್ರೈವಿನಲ್ಲಿ ಕೊಟ್ಟದ್ದು ಬರೀ ಹಾಡು. ನಾನು ರೆಪ್ಪೆ ಬಡಿಯುವುದರಲ್ಲೇ ಒಂದು ಹಾಡು ಮುಗಿಸಿದ್ದ, ಗಂಡ ಕನ್ನಡಕ ಹಾಕಿಕೊಳ್ಳುವುದರಲ್ಲಿ ಇನ್ನೊಂದು. ಆಯೇರಿಯ ಭಾಗವನ್ನೆಲ್ಲ ಕತ್ತರಿಸಿ ಎಸೆದಿದ್ದ. ಫೋನು ಮಾಡಿ ಪೂರ್ತಿ ಶೂಟಿಂಗ್ ಕೇಳಿದೆ. "ಅಕ್ಕಾರ, ನಮ್ಮ ಡಿಸ್ಕ್ ಖಾಲಿ ಮಾಡೀವ್ರಿ, ಸೀಜನ್ ಬಂತಲ್ರಿ. ನಿಮ್ಮ ಯಜಮಾನರ ಮೇಲ್‌ಗೆ ಲಿಂಕ್ ಕಳಿಸೀನಿ, ಅದರಾಗ ಎಲ್ಲಾ ಅದ. ಲಗೂನ ಇಳಿಸ್ಕೊಳ್ರಿ, ಈ ತಿಂಗಳು ಮುಗೀತಂದ್ರ ಅದೂ ಹೋಗ್ತದ" ಅಂದ.

ಲಿಂಕು ಗಂಡನ ಮೇಲ್‌ನಲ್ಲಿತ್ತು, ಮೇಲ್ ಮನೆಯ ಕಂಪ್ಯೂಟರಿನಲ್ಲಿತ್ತು. ಇಡೀ ಮದುವೆಯನ್ನು ಒಂದೇ ಗಂಟು ಕಟ್ಟಿ ಜಿಪ್ ಫೈಲು ಮಾಡಿಟ್ಟಿದ್ದರಿಂದ, ಪೂರ್ತಿ ಇಳಿಸಿಕೊಳ್ಳದೆ ಒಂದು ಚೂರೂ ನೋಡುವಂತಿರಲಿಲ್ಲ. ಬ್ರೌಸರಿನಲ್ಲೇ ಇಳಿಸಲು ಹೋದರೆ ವಾಡಿಯ ನೆಟ್ಟು ನಡುವೆ ಒಮ್ಮೆ ಕೆಮ್ಮುತ್ತಿತ್ತು, ಬ್ರೌಸರು ಎಲ್ಲ ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಇಂಥದಕ್ಕೇ ಅಂತ ಡೌನ್‌ಲೋಡ್ ಆ್ಯಪ್ ಇರುವುದು. ನೆಟ್ಟು ಹೋದರೂ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತದೆ. ಸಿಮೆಂಟ್ ಫ್ಯಾಕ್ಟರಿಯ ಕಾಂಟ್ರಾಕ್ಟರನ ಆಫೀಸಿನಲ್ಲಿ ಗುಮಾಸ್ತನಾದ ನನ್ನ ಗಂಡ ಅದನ್ನು ಮೊದಲೇ ಹಾಕಿಕೊಂಡಿದ್ದ. ಓಣಿಗೆಲ್ಲ ಪಿಕ್ಚರ್ ಇಳಿಸಿ ಕೊಡುತ್ತಿದ್ದ, ಅದೊಂದು ಹೆಮ್ಮೆ ಅವನಿಗೆ. ಬ್ರೌಸರಿನಲ್ಲಿ ಡೌನ್‌ಲೋಡ್ ಒತ್ತಿದರೆ, ಬ್ರೌಸರಿಗೆ ಜೋಡಿಸಿದ ಎಕ್ಸ್‌ಟೆನ್ಷನ್ ಆ ಕೆಲಸವನ್ನು ಆ್ಯಪ್‌ನ ಕೈಗೆ ಒಪ್ಪಿಸಬೇಕು. ಪಿಕ್ಚರುಗಳಿಗೆಲ್ಲ ಸರಿಯಾಗಿ ಒಪ್ಪಿಸುತ್ತಿತ್ತು.

ನಾನು ಒತ್ತಿದ ದಿನ ಪರದೆಯ ಮೇಲೆ ಸಣ್ಣ ಪಟ್ಟಿ ಬಂತು. ಆ್ಯಪ್‌ನೊಂದಿಗೆ ಸಂಪರ್ಕ ಆಗುತ್ತಿಲ್ಲ.

ಮದುವೆಗೆ ಮೊದಲು ನಾನು ಚಿತ್ತಾಪುರದ ಕೋರ್ಟಿನ ಎದುರು ಕಂಪ್ಯೂಟರ್ ಸೆಂಟರಿನಲ್ಲಿ ಕೂತವಳು. ಅಫಿಡವಿಟ್ ಟೈಪು, ಅರ್ಜಿ, ಪಹಣಿ, ವಕೀಲರ ಬೈಗುಳ, ಎಲ್ಲ ನೋಡಿದ್ದೇನೆ. ಇಂಥ ಪಟ್ಟಿಗೆ ಹೆದರುವವಳಲ್ಲ. ನೋಡಿದರೆ ಆ್ಯಪ್ ಮುಚ್ಚಿತ್ತು. ತೆರೆದೆ. ಕಂಪ್ಯೂಟರ್ ಶುರುವಾದಾಗ ತಾನೂ ಶುರುವಾಗುವಂತೆ ಗುರುತು ಹಾಕಿದೆ. ಒತ್ತಿದೆ, ಹಿಡಿಯಿತು. ಸ್ವಲ್ಪ ಇಳಿಯುವಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಮುಂದುವರಿಸಿದರಾಯಿತು ಅಂದುಕೊಂಡೆ.

ಮರುದಿನ ಅದೇ ಪಟ್ಟಿ. ಈ ಸಲ ಆ್ಯಪ್ ತೆರೆದೇ ಇತ್ತು, ಬ್ರೌಸರಿನ ಎಕ್ಸ್‌ಟೆನ್ಷನ್ ಆಫ್ ಆಗಿತ್ತು. ಇಳಿದಿದ್ದ ಅರ್ಧ ಫೈಲೂ ಇರಲಿಲ್ಲ. ಆನ್ ಮಾಡಿದೆ. ಅದರ ಮುಂದಿನ ದಿನ ಎಕ್ಸ್‌ಟೆನ್ಷನ್ ಆನ್ ಇತ್ತು, ಆ್ಯಪ್‌ನ ಸೆಟ್ಟಿಂಗಿನಲ್ಲಿ ನಮ್ಮ ಬ್ರೌಸರಿನ ಹೆಸರಿನ ಮುಂದಿನ ಗುರುತೇ ಮಾಯ. ಹಾಕಿದೆ. ಆಮೇಲೆ ಆಂಟಿವೈರಸ್ ಎದ್ದು ಆ್ಯಪ್‌ಗೆ ನೆಟ್ಟಿನ ಬಾಗಿಲು ಮುಚ್ಚಿತ್ತು. ತೆಗೆದೆ. ತೆಗೆದಷ್ಟೂ ಇನ್ನೊಂದು ಕಡೆ ಮುಚ್ಚುತ್ತಿತ್ತು. ಅತ್ತೆ ಸೋಫಾದ ಮೇಲೆ ಕೂತು ಅವರೆ ಸುಲಿಯುತ್ತ, "ಸುಳ್ಳಿಗಿ ಪೆಟ್ಟಿಗಿನೂ ಸಾಕ್ಷಿ ಹೇಳವಲ್ದು" ಎಂದು ನಕ್ಕರು.

ಗಂಡ ಮಾತ್ರ ಭಾರಿ ಸಮಾಧಾನ ಹೇಳುತ್ತಿದ್ದ. ಡ್ಯೂಟಿ ಮುಗಿಸಿ ಬಂದವನೇ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುವನು. "ತಡಿ, ನಾ ನೋಡ್ತೀನಿ." ಅಲ್ಲಿ ಒತ್ತಿ, ಇಲ್ಲಿ ಒತ್ತಿ, ನಿಟ್ಟುಸಿರು ಬಿಟ್ಟು, "ಆಗವಲ್ದು ನೋಡು. ವಾಡಿ ನೆಟ್ಟೇ ಹಿಂಗ" ಅನ್ನುವನು. ಕಾಗದದಲ್ಲಿ ಸುತ್ತಿದ ಬಿಸಿ ಮಿರ್ಚಿ ಭಜಿ ತಂದು ಕೊಡುವನು. ಒಂದು ಸಂಜೆ ನನ್ನ ಕಣ್ಣಲ್ಲಿ ನೀರು ನೋಡಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಧ್ವನಿ ಇಳಿಸಿ ಅಂದ. "ನೀ ಸುಳ್ಳಿ ಅಲ್ಲ ಅಂತ ನಂಗ ಗೊತ್ತದ. ನಂಗೊಬ್ಬಗರೆ ಗೊತ್ತದಲ್ಲ, ಸಾಕ್ ಬಿಡು. ನಿಮ್ಮವ್ವ ಒಂದ್ ಮಾತು ಅಂದುಬಿಟ್ರ ಎಲ್ಲಾ ಮುಗೀತದ." ನನಗೆ ಅವನ ಮೇಲೆ ಎಂಥ ಪ್ರೀತಿ ಉಕ್ಕಿತು ಅಂದರೆ, ಆ ಭಜಿಯಲ್ಲಿ ದೊಡ್ಡದನ್ನು ಅವನಿಗೇ ಕೊಟ್ಟೆ.

ಆದರೆ ಚಿತ್ತಾಪುರದ ಸೆಂಟರಿನಲ್ಲಿ ಕಲಿತ ಒಂದು ವಿಷಯ ತಲೆಯಿಂದ ಹೋಗಿರಲಿಲ್ಲ. ಯಂತ್ರ ಕೆಟ್ಟರೆ ಪ್ರತಿ ಸಲ ಒಂದೇ ಕಡೆ ಕೆಡುತ್ತದೆ. ರಿಪೇರಿ ಮಾಡಿದಾಗಲೆಲ್ಲ ಹೊಸ ಜಾಗದಲ್ಲಿ ಕೆಡುವುದು ಮನುಷ್ಯನ ಬುದ್ಧಿ. ಯಾರೋ ನಾನು ಸರಿ ಮಾಡಿದ್ದನ್ನು ನೋಡುತ್ತಿದ್ದರು, ನೋಡಿ ಮುಂದಿನದನ್ನು ಕೆಡಿಸುತ್ತಿದ್ದರು.

ನನ್ನ ಅನುಮಾನ ಮೊದಲು ನಾದಿನಿಯ ಮೇಲೆ ಹೋಯಿತು. ಹೋಗದೆ ಏನು? ಸುಳ್ಳಿನ ಬೇರು ಅವಳೇ. ಅವಳು ತಲೆಗೆ ಸ್ಕಾರ್ಫು ಬಿಗಿದು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಹೊಗೆ ತುಂಬಿದ ಬಾಣಂತಿ ಕೋಣೆಯಲ್ಲಿ ಮಲಗಿದ್ದಳು. ಬಾಣಂತಿಗೆಂದು ಮಾಡಿದ ಅಳವಿ ಪಾಯಸದ ಬಟ್ಟಲು ಮುಂದಿಟ್ಟು ಕೇಳಿಯೇ ಬಿಟ್ಟೆ. "ಕಂಪ್ಯೂಟರ್ ಮುಟ್ಟೀದೇನು ನೀ?" ಅವಳು ಕಣ್ಣು ಅಗಲಿಸಿ ನೋಡಿದಳು. "ವೈನಿ, ಬಚ್ಚಲಕ್ಕ ಹೋಗಬೇಕಂದ್ರೂ ಅವ್ವ ಹಿಂದ ಬರ್ತಾಳ. ನಾ ಪಡಸಾಲಿಗಿ ಹ್ಯಾಂಗ ಬರ್ಲಿ?" ಖರೆ ಮಾತು. ತೊಟ್ಟಿಲು ಆಗುವ ತನಕ ಬಾಣಂತಿ ಆ ಬಾಗಿಲು ದಾಟುವುದಿಲ್ಲ, ನಮ್ಮ ಅತ್ತೆಯಂಥ ಪೊಲೀಸಮ್ಮ ಇರುವ ಮನೆಯಲ್ಲಂತೂ ಸಾಧ್ಯವೇ ಇಲ್ಲ. ಅತ್ತೆಗೆ ಟಿವಿಯ ರಿಮೋಟೇ ಬರುವುದಿಲ್ಲ. ಬಟ್ಟಲು ತೆಗೆದುಕೊಂಡು ಹೊರಗೆ ಬರುವಾಗ ಲೆಕ್ಕ ಹಾಕಿದೆ. ಆ ಮನೆಯಲ್ಲಿ ಉಳಿದವನು ಒಬ್ಬನೇ.

ಆದರೂ ನಂಬಲಿಲ್ಲ. ಅವನಿಗೆ ಇದರಲ್ಲಿ ಬರುವುದೇನು ಎಂದು ನನ್ನನ್ನೇ ಕೇಳಿಕೊಂಡೆ. ತಂಗಿಯ ಮಾನ ಉಳಿಸಲು ಇರಬಹುದು ಎಂದು ನಾನೇ ಅವನ ಪರವಾಗಿ ವಕೀಲಿಕೆಯನ್ನೂ ಮಾಡಿದೆ. ಅವನ ಮುಂದೆ ಬಾಯಿ ಬಿಡಲಿಲ್ಲ. ಕಂಪ್ಯೂಟರಿನ ಹತ್ತಿರ ಹೋಗುವುದನ್ನೇ ಬಿಟ್ಟೆ, ಸೋತವಳ ಮುಖ ಮಾಡಿಕೊಂಡು ತಿರುಗಾಡಿದೆ. ತಿಂಗಳು ಮುಗಿಯಲು ಬಂದಾಗ ಫ್ಯಾಕ್ಟರಿಯಲ್ಲಿ ರಿಪೇರಿಗೆಂದು ಯಂತ್ರ ನಿಲ್ಲಿಸಿದರು, ಗುಮಾಸ್ತರಿಗೂ ಡಬಲ್ ಡ್ಯೂಟಿ ಬಂತು. ಅವನು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದ. ಅವನ ಸ್ಕೂಟರಿನ ಸದ್ದು ಓಣಿ ದಾಟುವುದನ್ನೇ ಕಾದು ಕಂಪ್ಯೂಟರಿನ ಮೇಲಿನ ಟವೆಲ್ ತೆಗೆದೆ.

ಮೇಲ್ ಅವನದೇ, ಅಳಿಸಿದರೆ ಸಿಕ್ಕಿಬೀಳುತ್ತಿದ್ದ. ಅದೊಂದನ್ನು ಬಿಟ್ಟು ಈ ಸಲ ಎಲ್ಲ ಕಡೆಯೂ ಮುಚ್ಚಿದ್ದ. ಆಂಟಿವೈರಸ್‌ನ ಪಟ್ಟಿಯಲ್ಲಿ ಆ್ಯಪ್ ಹೆಸರು ತಡೆದವರ ಸಾಲಿಗೆ ಸೇರಿತ್ತು, ಎಕ್ಸ್‌ಟೆನ್ಷನ್ ಕಿತ್ತೇ ಹೋಗಿತ್ತು. ಮತ್ತೆ ತಂದು ಜೋಡಿಸಿದೆ, ಅದು ಕೇಳಿದ ಅನುಮತಿಗಳಿಗೆಲ್ಲ ಹೂಂ ಅಂದೆ, ಆ್ಯಪ್ ಮುಚ್ಚಿ ತೆರೆದೆ, ಬ್ರೌಸರ್ ಮುಚ್ಚಿ ತೆರೆದೆ. ಲಿಂಕು ಒತ್ತಿದೆ. ಆ್ಯಪ್‌ನ ಪುಟ್ಟ ಕಿಟಕಿ ಟಕ್ಕನೆ ಎದ್ದು, ಎಲ್ಲಿ ಇಡಲಿ ಎಂದು ಕೇಳಿತು. ನನಗಂತೂ ಅದಕ್ಕೆ ದೃಷ್ಟಿ ತೆಗೆಯೋಣ ಅನ್ನಿಸಿತು. ದಿನವಿಡೀ ಇಳಿಯಿತು. ನೆಟ್ಟು ಹೋಗಿ ಬಂದಾಗಲೆಲ್ಲ ಬಿಟ್ಟಲ್ಲಿಂದಲೇ ಹಿಡಿಯಿತು.

"ಏನ್ ಮಾಡ್ಲಾಕತ್ತೀ ಸುಳ್ಳಿ?" ಎಂದು ಅತ್ತೆ ಇಣುಕಿದರು.

"ಪಿಕ್ಚರ್ ಇಳಸಾಕತ್ತೀನ್ರಿ ಅತ್ತಿ."

"ಯಾವ ಪಿಕ್ಚರ್?"

"ಮನಿ ಮಂದಿ ಎಲ್ಲಾ ಕೂತು ನೋಡೂವಂಥಾದು."

ಇಳಿಹೊತ್ತಿಗೆ ಫೈಲು ಪೂರ್ತಿಯಾಯಿತು. ಅತ್ತೆ ಎಣ್ಣೆ ನೀರಿಗೆ ಮೊಮ್ಮಗನನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಯೇರಿಯ ಭಾಗ ಹುಡುಕಿದೆ. ದೀಪಗಳು ಆರಿದವು, ಕಿಟಕಿಯ ಹಗಲು ಬೆಳಕಿನಲ್ಲಿ ಕ್ಯಾಮೆರಾ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ನಮ್ಮ ಅವ್ವ ಎದ್ದು ಬಂದಳು. ನಾದಿನಿಯ ಹಣೆಗೆ ಕುಂಕುಮ ಹಚ್ಚಿದಳು, ಕಿಳಿಹಸಿರು ಸೀರೆಯನ್ನು ಉಡಿಯಲ್ಲಿ ಇಟ್ಟಳು, ಗಲ್ಲ ಸವರಿ ಹೋದಳು. ನಾನು ಗೆದ್ದಿದ್ದೆ. ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೈಕಿಲ್ಲ, ಬ್ಯಾಂಡಿಲ್ಲ, ಹಾಗಾಗಿ ಕ್ಯಾಮೆರಾಕ್ಕೆ ಸಣ್ಣ ಮಾತೂ ಬಿದ್ದಿತ್ತು. ಬಾಸಿಂಗ ಕಟ್ಟಿಕೊಂಡು ಕೂತ ನನ್ನ ಗಂಡ ತಂಗಿಯ ಕಡೆ ವಾಲಿದ. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಥೂ, ಇದೇನ್ ಸೀರಿ? ಹ್ಯಾಂಗೂ ಮೈಕ್‌ದಾಗ ಕೂಗಿಲ್ಲ. ಬಂದೇ ಇಲ್ಲ ಅಂದುಬಿಡು. ಇನ್ನೊಂದು ಛಲೋದು ಕಕ್ತಾರ." ನಾದಿನಿ ನಕ್ಕು, "ಹೋಗಣ್ಣ" ಅಂದಳು. "ಅನ್ನು ನೀ, ನಾ ಇದೀನಿ" ಅಂದ.

ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆ. ಪ್ರತಿ ಸಲವೂ ಅವನು ಅದನ್ನೇ ಅಂದ. ಒಳಗೆ ನಾನು ಅವನು ಕೊಟ್ಟ ಸೀರೆಯ ನಿರಿಗೆ ಹಿಡಿಯುತ್ತಿದ್ದ ಹೊತ್ತು ಅದು. ಸುಳ್ಳು ನಾದಿನಿಯದಲ್ಲ, ಅತ್ತೆಯದಲ್ಲ, ನನ್ನ ಪಕ್ಕ ಕೂತು ಭಜಿ ತಿನ್ನಿಸಿದವನದು. ನಾನು ಸುಳ್ಳಿ ಅಲ್ಲವೆಂದು ಅವನಿಗೊಬ್ಬನಿಗೇ ಯಾಕೆ ಗೊತ್ತಿತ್ತು ಎಂಬುದೂ ತಿಳಿಯಿತು. ಅಳು ಬರಲಿಲ್ಲ, ಅದೊಂದು ಪುಣ್ಯ.

ಫೈಲನ್ನು ಪೆನ್‌ಡ್ರೈವಿಗೆ ತುಂಬಿ ತೊಗರಿಬೇಳೆಯ ಡಬ್ಬಿಯಲ್ಲಿ ಹೂತೆ. ಕಂಪ್ಯೂಟರಿನಿಂದ ಅಳಿಸಿದೆ. ಆಮೇಲೆ ಒಂದೊಂದಾಗಿ ಅವನು ಕೆಡಿಸಿದ್ದನ್ನೆಲ್ಲ ಮತ್ತೆ ಹಾಗೆಯೇ ಕೆಡಿಸಿ ಇಟ್ಟೆ. ಸರಿ ಮಾಡುವುದಕ್ಕಿಂತ ಅದರಲ್ಲಿ ಹೆಚ್ಚು ಸುಖ ಸಿಕ್ಕಿತು ನನಗೆ. ದಣಿದು ಬಂದವನು ಮೊದಲು ಕೇಳಿದ್ದೇ ಅದು. "ಆತೇನು?" "ಇಲ್ರಿ, ಆಗವಲ್ದು." ಅವನ ಭುಜ ಇಳಿದದ್ದು ಕಂಡಿತು. "ಹೋಗ್ಲಿ ಬಿಡು" ಅಂದು ಎರಡು ರೊಟ್ಟಿ ಹೆಚ್ಚು ಉಂಡ. ತಿಂಗಳು ಮುಗಿಯಿತು, ಲಿಂಕು ಸತ್ತಿತು. ಅವನು ಅದನ್ನು ಒತ್ತಿ ನೋಡಿ ಖಾತ್ರಿ ಮಾಡಿಕೊಂಡದ್ದನ್ನೂ ಬಾಗಿಲ ಸಂದಿಯಿಂದ ನೋಡಿದೆ.

ತೊಟ್ಟಿಲ ದಿನ ಮನೆ ತುಂಬ ಮಂದಿ. ಚಿಂಚೋಳಿಯಿಂದ ನಾದಿನಿಯ ಅತ್ತೆ ಒಂದು ಜೀಪು ಮಂದಿ ಕಟ್ಟಿಕೊಂಡು ಬಂದಿದ್ದರು, ಶಹಾಬಾದದಿಂದ ನಮ್ಮ ಅತ್ತೆಯ ತವರಿನವರು. ಅವ್ವ ದಂಡೋತಿಯಿಂದ ಒಬ್ಬಳೇ ಬಂದಳು, ಕೈಯಲ್ಲಿ ಒಂದು ಚೀಲ. ಸೀರೆ ತಂದಿದ್ದಳು, ಅದು ತಪ್ಪಿಗಲ್ಲ, ಕೂಸಿನ ತಾಯಿಗೆ ಕೊಡುವ ರೂಢಿಗೆ. "ಕೊಡ್ತೀನಿ, ಬಗ್ಗಂಗಿಲ್ಲ" ಎಂದು ನನ್ನ ಕಿವಿಯಲ್ಲಿ ಅಂದಳು. ಫೋನಿನಲ್ಲಿ ಹೇಳಿದರೆ ಅತ್ತೆಯ ಕಿವಿಗೆ ಬೀಳುತ್ತದೆಂದು ವಿಡಿಯೋದ ಮಾತು ಅವಳಿಗೂ ತಿಳಿಸಿರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿ, ಹೆಸರು ಕೂಗಿ, ಗುಗ್ಗರಿ ಹಂಚಿದ್ದಾಯಿತು. ಅತ್ತೆ ಕುರ್ಚಿಯ ಮೇಲೆ ನ್ಯಾಯಾಧೀಶರಂತೆ ಕೂತರು. "ಹಾಂ ಬೀಗ್ತೀರ, ಈಗ ನಿಮ್ಮ ಪಾಳಿ. ಬರ್ರಿ."

"ಒಂದ್ ನಿಮಿಷ್ರಿ ಅತ್ತಿ" ಅಂದು ನಾನು ಟಿವಿಗೆ ಪೆನ್‌ಡ್ರೈವ್ ಹಾಕಿದೆ. ಮದುವೆಯ ಪಿಕ್ಚರ್ ಎಂದು ಮಂದಿ ಖುಷಿಯಿಂದ ಸರಿದು ಕೂತರು. ಗಂಡ ಬಾಗಿಲ ಹತ್ತಿರದಿಂದ ಎರಡು ಹೆಜ್ಜೆ ಬಂದ, ಅಷ್ಟರಲ್ಲಿ ಶುರುವಾಗಿತ್ತು. ಅವ್ವ, ಕುಂಕುಮ, ಕಿಳಿಹಸಿರು ಸೀರೆ. ನಾದಿನಿ ತಲೆ ತಗ್ಗಿಸಿದಳು. ಆಮೇಲೆ ಅವನ ಮಾತು. ಟಿವಿಯ ಸದ್ದು ನಾನು ಮೊದಲೇ ಪೂರ್ತಿ ಏರಿಸಿದ್ದೆ.

ಏನಾಗುತ್ತದೆ ಅಂದುಕೊಂಡಿದ್ದೆ? ಭೂಮಿ ಬಾಯಿ ಬಿಡುತ್ತದೆ ಅಂತಲೋ ಏನೋ. ಶಹಾಬಾದದ ಮುದುಕರೊಬ್ಬರು ಮೊದಲು ನಕ್ಕರು. "ಲೇ ಹುಡುಗಾ, ಬಾಸಿಂಗ ಕಟ್ಕೊಂಡು ವ್ಯಾಪಾರ ಮಾಡೀಯಲ್ಲೋ!" ಆಮೇಲೆ ಎಲ್ಲರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ಚಿಂಚೋಳಿಯ ಬೀಗ್ತಿ ಒಬ್ಬರೇ. ಸೊಸೆಯ ಕಡೆ ತಿರುಗಿ ತಣ್ಣಗೆ, "ಕೂಸಿನ ಕರಕೊಂಡು ಬಾ, ಮನ್ಯಾಗ ಮಾತಾಡೋಣು" ಅಂದರು. ನಾದಿನಿಯ ಮುಖ ಬೂದಿಯಾಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಹುಡುಗ ಚಾಷ್ಟಿ ಮಾಡ್ಯಾನ. ಅಷ್ಟಕ್ಕ ಗಂಡನ ಮಾನ ಟಿವ್ಯಾಗ ಹಾಕ್ತಾರೇನು ಯಾರರೆ?" ಅತ್ತೆ ಸೆರಗು ಕೊಡವಿದರು. ಹೂಂ ಹೂಂ ಎಂದು ನಾಲ್ಕು ಹೆಂಗಸರು ತಲೆದೂಗಿದರು. ಆಗ ಗಂಡ ನನ್ನನ್ನು ನೋಡಿದ. ನಾಚಿಕೆ ಇರಲಿಲ್ಲ ಆ ನೋಟದಲ್ಲಿ, ಸಿಟ್ಟೂ ಇರಲಿಲ್ಲ. ಮಂದಿ ಹೋಗಲಿ, ಅವಸರವೇನಿಲ್ಲ ಅನ್ನುವ ನೋಟ. ನಾನು ನೋಡಿದೆ. ಅವ್ವನೂ ನೋಡಿದಳು.

ಅವ್ವ ಚೀಲದಿಂದ ಸೀರೆ ತೆಗೆದಳು. ನಾದಿನಿಯ ಮುಂದೆ ಹೋಗಿ, ಟೊಂಕ ಬಗ್ಗಿಸಿ, ಕುಂಕುಮ ಹಚ್ಚಿ ಉಡಿಯಲ್ಲಿ ಇಟ್ಟಳು. ಎರಡೂ ಕೈ ಜೋಡಿಸಿದಳು. "ತಪ್ಪಾಗ್ಯದವ್ವ." ನಾನು ಅವ್ವಾ ಎಂದು ಕೂಗಿದ್ದು ಅವಳಿಗೆ ಕೇಳಲೇ ಇಲ್ಲ ಎನ್ನುವಂತೆ ನನ್ನ ಗಂಡನ ಕಡೆ ತಿರುಗಿದಳು. ಅವನ ಮುಂದೆ ಇನ್ನೂ ಕೆಳಗೆ ಬಗ್ಗಿದಳು. "ಅಳ್ಯಾರ, ಆಕಿಗಿ ಬುದ್ಧಿ ಕಡಿಮಿ ಅದರಿ. ಮನಸಿಗಿ ಹಚ್ಚಿಕೋಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ." ಅವನು, "ಇರ್ಲಿ ಬಿಡ್ರಿ ಅತ್ತಿ" ಅಂದ, ದೊಡ್ಡ ಮನಸ್ಸಿನವನ ಹಾಗೆ. ಅತ್ತೆ ತೃಪ್ತಿಯಿಂದ ಎಲೆ ಹಾಕಲು ಹೇಳಿದರು. ಮಂದಿ ಉಂಡರು, ಹೋಳಿಗೆ ಚೆನ್ನಾಗಿ ಆಗಿವೆ ಅಂದರು.

ಬಸ್‌ಸ್ಟ್ಯಾಂಡಿನ ತನಕ ಅವ್ವನನ್ನು ಕಳಿಸಿ ಬರಲು ಅಪ್ಪಣೆ ಸಿಕ್ಕಿತು. ಅವಳು ಹತ್ತಬೇಕಾದ ಚಿತ್ತಾಪುರದ ಬಸ್ಸು ನಿಂತಿತ್ತು. ಅದರ ಮುಂದೆ ನಿಂತು ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಗಂಡನಿಗೆ ಅನ್ನಲಾಗದ್ದೂ ಅವಳ ಪಾಲಿಗೇ ಬಂತು.

"ನಾ ಗೆದ್ದಿದ್ದೆ! ಇಡೀ ಮಂದಿ ಮುಂದ ಗೆದ್ದಿದ್ದೆ! ಗೆದ್ದ ಮ್ಯಾಲ ಯಾಕ ಬಗ್ಗಿದಿ ನೀ, ನಾಚಿಗ್ಗೇಡಿ?"

ಅವ್ವ ಖಾಲಿ ಚೀಲವನ್ನು ಮಡಚುತ್ತಿದ್ದಳು. "ನೀ ಸೋತಿದ್ರ ಬಗ್ಗತಿದ್ದಿಲ್ಲ. ನಿನ್ನ ಕೈ ಹಿಡಕೊಂಡು ಎದ್ದು ಹೋಗ್ತಿದ್ದೆ. ನೀ ಗೆದ್ದಿ. ಗೆದ್ದಾಕಿ ಅಲ್ಲೇ ಬಾಳ್ವೆ ಮಾಡಬೇಕು, ಅವನ ಬಾಜೂಕೇ ಮಕ್ಕೋಬೇಕು. ಅಂವ ನೋಡಿದ್ದು ನೋಡೀನಿ ನಾ."

"ಮತ್ತ ಕರಕೊಂಡು ಹೋಗಬೇಕಿತ್ತು ನನ್ನ!"

"ಬಾ" ಅಂದಳು ಅವ್ವ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕೈ ಚಾಚಿ ನಿಂತಳು. "ಈಗ ಬಾ. ಬಸ್ಸು ನಿಂತದ. ಹತ್ತು."

ಕಂಡಕ್ಟರ್ ನನ್ನನ್ನೊಮ್ಮೆ ಅವ್ವನನ್ನೊಮ್ಮೆ ನೋಡಿ, "ಬರ್ತೀರೇನ್ರಿ ಅಕ್ಕಾರ?" ಎಂದ. ನಾನು ಹತ್ತಲಿಲ್ಲ. ಇಷ್ಟು ದಿನ ನಾನು ಹೊಡೆದಾಡಿದ್ದೆಲ್ಲ ಆ ಮನೆಯಲ್ಲಿ ಉಳಿಯುವುದಕ್ಕೆ, ಬಿಟ್ಟು ಬರುವುದು ನನ್ನ ತಲೆಯಲ್ಲಿ ಒಮ್ಮೆಯೂ ಸುಳಿದಿರಲಿಲ್ಲ. ಅದು ಅವ್ವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಒಳಗೆ ಹೋಗಿ, ಆಚೆ ಬದಿಯ ಸೀಟಿನಲ್ಲಿ ಕೂತಳು. ಬಸ್ಸು ಹೋಯಿತು. ಸಂಜೆಗೆ ಉಳಿದ ಬೀಗರಿಗೆಲ್ಲ ರೊಟ್ಟಿ ಬಡಿಯುವುದಿತ್ತು, ನಾನು ಮನೆಯ ಕಡೆ ತಿರುಗಿದೆ.